ಕೃಷ್ಣಾ ವ್ಯಾಲಿ ದನ: ಗುರುತು, ಗುಣ, ದೂರದ ನಂಟು

ಜತ್ತ, ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ನಮ್ಮ ಸದಸ್ಯರಿಗೆ ಖಿಲಾರಿ ಎತ್ತಿನ ಪರಿಚಯ ಹೇಳಬೇಕಿಲ್ಲ. ಅದೇ ಸೀಮೆಯ ಕೃಷ್ಣಾ ವ್ಯಾಲಿ ತಳಿಯನ್ನು ಗುರುತಿಸುವವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ಅಮೆರಿಕದ ಹೆಸರಾಂತ ಮಾಂಸದ ತಳಿಯೊಂದರ ಮೂಲದಲ್ಲಿ ಇದರ ರಕ್ತವೂ ಇದೆ ಎಂಬುದು ನಮ್ಮಲ್ಲೇ ಹಲವರಿಗೆ ಹೊಸ ಸಂಗತಿ.

ಹುಟ್ಟು: ಕೃಷ್ಣಾ ನದಿ ಬಯಲಿನ ಜಿಗುಟಾದ ಎರೆಭೂಮಿಯನ್ನು ಉಳಲು ಭಾರಿ ಎತ್ತು ಬೇಕಿತ್ತು. 19ನೇ ಶತಮಾನದ ಕೊನೆಯ ಭಾಗದಲ್ಲಿ ಈ ಭಾಗದ ಸಂಸ್ಥಾನಿಕರ ಆಸಕ್ತಿಯಿಂದ ಗಿರ್, ಓಂಗೋಲ್, ಕಾಂಕ್ರೇಜ್ ಮತ್ತು ಮೈಸೂರು ಬಗೆಯ ದನಗಳ ಸಂಕರದಿಂದ ಇದು ರೂಪುಗೊಂಡಿತು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಹಾಗೂ ಗಡಿಯಾಚೆಯ ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಇದರ ನೆಲೆ.

ಗುರುತು: ಬೂದು ಬೆರೆತ ಬಿಳಿ ಬಣ್ಣ, ಹೋರಿಯ ಮುಂಭಾಗ ಮತ್ತು ಹಿಂಭಾಗ ಹೆಚ್ಚು ಕಪ್ಪು. ಉಬ್ಬಿದ ಹಣೆ, ಸಣ್ಣ ಬಾಗಿದ ಕೊಂಬು, ಚೂಪಾದ ಚಿಕ್ಕ ಕಿವಿ, ಜೋಲುವ ಗಂಗೆದೊಗಲು, ದಪ್ಪ ಮೈ. ಖಿಲಾರಿಯದು ಉದ್ದ ಕೊಂಬು, ಬಿಗಿ ಮೈ, ಚುರುಕು ಓಟ. ಕೃಷ್ಣಾ ವ್ಯಾಲಿಯದು ನಿಧಾನದ ನಡಿಗೆ, ಆದರೆ ಎಳೆತದಲ್ಲಿ ಗಟ್ಟಿ.

ದೂರದ ನಂಟು: ಅಮೆರಿಕದ ದಕ್ಷಿಣ ಭಾಗದ ಸೆಕೆ ಮತ್ತು ಉಣ್ಣೆಯ ಕಾಟಕ್ಕೆ ಯುರೋಪಿನ ದನಗಳು ಬಳಲುತ್ತಿದ್ದವು. ಅಲ್ಲಿನವರು ಭಾರತ ಮೂಲದ ಕಾಂಕ್ರೇಜ್, ಓಂಗೋಲ್, ಗಿರ್, ಕೃಷ್ಣಾ ವ್ಯಾಲಿ ದನಗಳಿಂದ ಬ್ರಾಹ್ಮನ್ ತಳಿ ಕಟ್ಟಿದರು. ಅದರ ಸಾಕಣೆದಾರರ ಸಂಘ ಸ್ಥಾಪನೆಯಾದದ್ದು 1924ರಲ್ಲಿ. ಸಡಿಲ ಚರ್ಮ, ಚೆನ್ನಾಗಿ ಬೆವರುವ ಮೈ, ಒರಟು ಮೇವಿನಲ್ಲೂ ಬದುಕುವ ಶಕ್ತಿ ಅದರ ಬಂಡವಾಳ. ಬ್ರಾಹ್ಮನ್‌ನ ಎಂಟರಲ್ಲಿ ಮೂರು ಪಾಲು, ಆಂಗಸ್‌ನ ಐದು ಪಾಲು ಸೇರಿದರೆ ಬ್ರ್ಯಾಂಗಸ್. ಆಂಗಸ್ ಬದಲು ಶಾರ್ಟ್‌ಹಾರ್ನ್ ಸೇರಿದರೆ ಸಾಂತಾ ಗೆರ್ಟ್ರೂಡಿಸ್. ಬ್ರೆಜಿಲಿನ ಮುಖ್ಯ ಮಾಂಸದ ತಳಿ ನೆಲೋರೆಗೆ ಆಂಧ್ರದ ನೆಲ್ಲೂರಿನ ಹೆಸರೇ ಬಂದಿದೆ. ಅದು ಓಂಗೋಲ್ ಸಂತತಿ.

ಇಂದಿನ ಸ್ಥಿತಿ: ಅಲ್ಲಿ ಬೆಳೆದದ್ದು ಇಲ್ಲಿ ಕ್ಷೀಣಿಸಿದೆ. ಟ್ರ್ಯಾಕ್ಟರ್ ಬಂದ ಮೇಲೆ ಭಾರಿ ಎತ್ತಿನ ಮೇವಿನ ಖರ್ಚು ಹೊರೆಯಾಯಿತು. ಹಾಲಿಗಾಗಿ ವಿದೇಶಿ ಸಂಕರವೂ ಹೆಚ್ಚಿತು. ಶುದ್ಧ ಹೋರಿ ಸಿಗುವುದೇ ಕಷ್ಟ.

ನಾವು ಮಾಡಬಹುದಾದದ್ದು: ಜಾನುವಾರು ಗಣತಿಯವರು ಬಂದಾಗ ತಳಿಯ ಹೆಸರನ್ನು ಹೇಳಿ ಬರೆಸೋಣ. ಹೆಸರಿಲ್ಲದ ದನ ಲೆಕ್ಕದಲ್ಲಿ ಬರೀ ನಾಟಿ ದನವಾಗುತ್ತದೆ. ಕೃತಕ ಗರ್ಭಧಾರಣೆಗೆ ಮೊದಲು ಪಶುವೈದ್ಯರಲ್ಲಿ ಇದೇ ತಳಿಯ ವೀರ್ಯ ಕೇಳೋಣ. ಹಟ್ಟಿಯಲ್ಲಿ ಇಂಥ ಹಸು ಇರುವ ಸದಸ್ಯರು ಅದನ್ನು ಸಂತೆಗೆ ಹೊಡೆಯುವ ಮುನ್ನ ನೆರೆಯ ಸಾಕಣೆದಾರರಿಗೆ ಒಂದು ಮಾತು ತಿಳಿಸಬೇಕೆಂದು ಕೋರುತ್ತೇವೆ.