ಸಂತಳ ಬಾವಿ, ಪಿಸ್ಕಿಗಳ ಬಾವಿ

ಇಂಗ್ಲೆಂಡಿನ ನೈಋತ್ಯದ ಕೊನೆಯಲ್ಲಿ, ಅಟ್ಲಾಂಟಿಕ್ ಸಾಗರದೊಳಕ್ಕೆ ಬೆರಳಿನಂತೆ ಚಾಚಿಕೊಂಡಿರುವ ನಾಡು ಕಾರ್ನ್‌ವಾಲ್. ಪುಣ್ಯಬಾವಿಗಳ ನಾಡೆಂದು ಅದಕ್ಕೆ ಹೆಸರಿದೆ. ಬಾವಿಯೆಂದೊಡನೆ ರಾಟೆ, ಹಗ್ಗ, ಕೊಡಗಳನ್ನು ನೆನೆಯುವವರು ನಾವು. ಅಲ್ಲಿಯ ಪುಣ್ಯಬಾವಿ ಅಂಥದಲ್ಲ. ಗುಡ್ಡದ ಮೈಯಿಂದ ಒಸರುವ ಒರತೆಗೆ ಕಲ್ಲಿನ ಮಾಡು ಕಟ್ಟಿದರೆ ಅದೇ ಬಾವಿ. ನೋಡಲು ಗುಡಿಯೊಂದರ ಗರ್ಭಗೃಹದಂತೆ.

ಇವುಗಳಲ್ಲಿ ಪೆಲಿಂಟ್ ಎಂಬ ಹಳ್ಳಿಯ ಸಮೀಪದ ಬಾವಿಗೆ ಎರಡು ಹೆಸರುಗಳಿರುವುದು ವಿಶೇಷ. ಒಂದು, ಸಂತ ನನ್‌ಳ ಬಾವಿ. ಈಕೆ ಆರನೆಯ ಶತಮಾನದ ಸಂತ, ವೇಲ್ಸ್ ನಾಡಿನ ಪೋಷಕನೆನಿಸಿದ ಡೇವಿಡ್‌ನ ತಾಯಿ. ಇನ್ನೊಂದು, ಪಿಸ್ಕಿಗಳ ಬಾವಿ. ಪಿಸ್ಕಿಗಳೆಂದರೆ ಕಾರ್ನ್‌ವಾಲಿನ ಕುಳ್ಳ ಯಕ್ಷರು. ಇರುಳಲ್ಲಿ ದಾರಿಹೋಕರನ್ನು ಹೊಲದಲ್ಲೇ ಸುತ್ತು ಹಾಕಿಸುವುದು ಅವರ ಚೇಷ್ಟೆ. ತೊಟ್ಟ ಅಂಗಿಯನ್ನು ಒಳಹೊರಗು ಮಾಡಿ ಧರಿಸಿದರೆ ದಾರಿ ತಿಳಿಯುತ್ತದೆಂಬುದು ಜನರ ಪರಿಹಾರ. ಒಂದೇ ನೀರಿಗೆ ಸಂತಳೂ ಯಕ್ಷರೂ ಒಡೆಯರಾದದ್ದು ಹೇಗೆ ಎಂಬ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ.

ಮಗಳ ಮನೆಗೆ ಹೋಗಿದ್ದಾಗ ಒಂದು ಮಧ್ಯಾಹ್ನ ಆ ಕಣಿವೆಗೆ ಇಳಿಯುವ ಅವಕಾಶ ನನಗೆ ದೊರೆಯಿತು. ವೆಸ್ಟ್ ಲೂ ನದಿಯ ಕಣಿವೆಯ ಇಳಿಜಾರಿನಲ್ಲಿ, ಜರಿಗಿಡಗಳ ಮರೆಯಲ್ಲಿದೆ ಬಾವಿ. ಬಾಗಿಲ ಮೇಲೊಂದು ಚಪ್ಪಟೆ ಕಲ್ಲು. ಒಳಗೆ ಗ್ರಾನೈಟಿನ ದುಂಡು ಬಾನಿ. ಅದರ ಮೈಮೇಲೆ ಉಂಗುರಗಳನ್ನೂ ಶಿಲುಬೆಗಳನ್ನೂ ಕೆತ್ತಲಾಗಿದೆ. ತಲೆ ಬಾಗಿಸದೆ ಒಳಗನ್ನು ನೋಡಲಾಗದು. ನೀರು ಸದ್ದಿಲ್ಲದೆ ತುಂಬುತ್ತಿತ್ತು.

ಈ ಬಾವಿಯ ಸಂಪ್ರದಾಯಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಬರೆದಿಟ್ಟವರು ಥಾಮಸ್ ಕ್ವಿಲರ್ ಕೌಚ್ ಎಂಬ ವೈದ್ಯರು. ತಂದೆಯ ಟಿಪ್ಪಣಿಗಳನ್ನು ಆಧರಿಸಿ ಅವರ ಹೆಣ್ಣುಮಕ್ಕಳಾದ ಮೇಬಲ್ ಮತ್ತು ಲಿಲಿಯನ್ 1894ರಲ್ಲಿ ಕಾರ್ನ್‌ವಾಲಿನ ಪುಣ್ಯಬಾವಿಗಳ ಕುರಿತ ಗ್ರಂಥವನ್ನು ಪ್ರಕಟಿಸಿದರು. ಬಾನಿಯ ತಳದಲ್ಲಿ ಕೈಯಾಡಿಸಿದರೆ ಗುಂಡುಸೂಜಿಗಳು ಸಿಗುತ್ತಿದ್ದವಂತೆ. ಸೂಜಿ ಅರ್ಪಿಸಿದವರನ್ನು ಪಿಸ್ಕಿಗಳು ದಾರಿ ತಪ್ಪಿಸುವುದಿಲ್ಲ, ಬೇಸಾಯವನ್ನೂ ಕೈಹಿಡಿದು ನಡೆಸುತ್ತಾರೆ ಎಂಬುದು ನೆರೆಹೊರೆಯವರ ವಿಶ್ವಾಸವಾಗಿತ್ತು. ಬಡವರ ಮನೆಯಲ್ಲೂ ಇರುವ ವಸ್ತುವೇ ಕಾಣಿಕೆಯಾದುದನ್ನು ಗಮನಿಸಬೇಕು.

ಆ ಬಾನಿಯ ಬಗ್ಗೆ ಒಂದು ಕಥೆಯಿದೆ. ರೈತನೊಬ್ಬ ಅದನ್ನು ಕಿತ್ತು ಹಂದಿಗಳಿಗೆ ಮೇವುಣಿಸುವ ತೊಟ್ಟಿಯಾಗಿಸಬೇಕೆಂದು ಎತ್ತುಗಳನ್ನು ಹೂಡಿದನು. ಬಹಳ ಹೊತ್ತು ಅಲುಗಾಡದ ಬಾನಿ ಕಡೆಗೆ ಮೇಲೆದ್ದು ಬಂಡಿಯವರೆಗೂ ಬಂದಿತು. ಅಲ್ಲಿ ಸರಪಳಿಯಿಂದ ಕಳಚಿಕೊಂಡು ಇಳಿಜಾರಿನಲ್ಲಿ ಉರುಳಿ, ತಿರುವು ತೆಗೆದುಕೊಂಡು, ತನ್ನ ಮೊದಲಿನ ಜಾಗದಲ್ಲೇ ಕುಳಿತಿತು. ಅಂದಿನಿಂದ ಆ ರೈತನಿಗೆ ಏಳಿಗೆಯಾಗಲಿಲ್ಲ. ಎತ್ತುಗಳು ಅಲ್ಲೇ ಸತ್ತವು, ಅವನು ಕುಂಟನೂ ಮೂಗನೂ ಆದನು ಎನ್ನುವವರೂ ಉಂಟು.

ಇನ್ನು ಇತಿಹಾಸದತ್ತ ಬರೋಣ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಆಳಿದ ಕ್ನೂಟ್ ದೊರೆಯ ಶಾಸನಗಳು ಒರತೆ, ಕಲ್ಲು, ಮರಗಳ ಪೂಜೆಯನ್ನು ನಿಷೇಧಿಸಿದ್ದವು. ನಿಷೇಧಿಸಬೇಕಾಯಿತೆಂದರೆ ಆ ರೂಢಿ ಇತ್ತೆಂದೇ ಅರ್ಥ. ಅದೇ ನೀರು ಸಂತರ ಹೆಸರಿನಲ್ಲಿ ಹರಿದಾಗ ಮಾತ್ರ ಚರ್ಚಿಗೆ ಆಕ್ಷೇಪವಿರಲಿಲ್ಲ. ಆದರೆ ಎಂಟನೆಯ ಹೆನ್ರಿಯ ಕಾಲದಲ್ಲಿ ಸಂತರ ಸರದಿಯೂ ಬಂದಿತು. 1538ರಲ್ಲಿ ಅವನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ತೀರ್ಥಯಾತ್ರೆ ಮತ್ತು ಹರಕೆಗಳ ವಿರುದ್ಧ ಆಜ್ಞೆ ಹೊರಡಿಸಿದನು. ಅದೇ ವರ್ಷ ಡರ್ಬಿಶೈರಿನ ಬಕ್ಸ್‌ಟನ್‌ನಲ್ಲಿ ಸಂತ ಆ್ಯನ್‌ಳ ಬಾವಿಗೆ ಬೀಗಮುದ್ರೆ ಬಿದ್ದಿತು. ಗುಣಹೊಂದಿದವರು ಬಿಟ್ಟುಹೋಗಿದ್ದ ಊರುಗೋಲುಗಳನ್ನೂ ಅಂಗಿಗಳನ್ನೂ ಅಧಿಕಾರಿಗಳು ಹೊತ್ತೊಯ್ದರು. 1549ರಲ್ಲಿ ಹೊಸ ಇಂಗ್ಲಿಷ್ ಪ್ರಾರ್ಥನಾ ಪುಸ್ತಕದ ವಿರುದ್ಧ ಕಾರ್ನ್‌ವಾಲಿನ ಜನ ದಂಗೆಯೆದ್ದಾಗ, ಆ ದಂಗೆಯನ್ನು ರಕ್ತಪಾತದಿಂದ ಅಡಗಿಸಲಾಯಿತು.

ಹೀಗೆ ಸಂತಳ ಪೂಜೆ ಅಪರಾಧವಾಯಿತು. ನೀರು ಮಾತ್ರ ಹರಿಯುತ್ತಲೇ ಇತ್ತು. ಪೂಜಾರಿಯಿಲ್ಲದ, ಗ್ರಂಥವಿಲ್ಲದ ಪಿಸ್ಕಿಗಳನ್ನು ಯಾವ ರಾಜಾಜ್ಞೆ ತಾನೇ ಬಂಧಿಸೀತು? ಪಿಸ್ಕಿಗಳು ಕ್ರಿಸ್ತಪೂರ್ವದ ದೇವತೆಗಳ ಪಳೆಯುಳಿಕೆಗಳೆಂದು ಬರೆಯುವವರಿದ್ದಾರೆ. ಹಾಗೆನ್ನಲು ಈ ಬಾವಿಯಲ್ಲಿ ಆಧಾರ ಕಾಣದು. ದಾಖಲೆಯಲ್ಲಿರುವುದು ಹತ್ತೊಂಬತ್ತನೆಯ ಶತಮಾನದ ರೈತರ ಮಾತು. ಒಡೆಯರು ಬದಲಾದರೂ ಕಾಣಿಕೆ ನೀಡುವ ಕೈ ಹಿಂದೆಗೆಯಲಿಲ್ಲ ಎಂಬಷ್ಟನ್ನು ಹೇಳಿದರೆ ಸಾಕು. ಅರಣ್ಯಪರ್ವದ ಯಕ್ಷನನ್ನು ಬಲ್ಲ ನಮಗೆ ನೀರಿಗೊಬ್ಬ ಕಾವಲುಗಾರನಿರುವುದು ವಿಚಿತ್ರವೆನಿಸಬೇಕಾಗಿಲ್ಲ. ಕೇಳದೆ ನೀರು ಮುಟ್ಟಬೇಡ ಎಂಬುದೇ ಅವನ ಮೊದಲ ಮಾತಲ್ಲವೇ?

ಉರುಳಿ ಹಿಂದಿರುಗಿದ ಬಾನಿಯ ಕಥೆ ನಿಜವೋ ಸುಳ್ಳೋ ಎಂದು ವಿದ್ಯಾರ್ಥಿಗಳು ಕೇಳಬಹುದು. ಆ ಕಥೆ ಏನು ಮಾಡಿತು ಎಂದು ಕೇಳುವುದು ಲೇಸು. ಸುತ್ತಲಿನ ಎಷ್ಟೋ ಹಳೆಯ ಕಲ್ಲುಗಳು ಗೋಡೆಗೂ ಕೊಟ್ಟಿಗೆಗೂ ಸಂದುಹೋದ ನಾಡಿನಲ್ಲಿ, ಕಾವಲಿಲ್ಲದ ಈ ಕಣಿವೆಯಲ್ಲಿ, ಬಾನಿ ಉಳಿದಿದೆ. ಪುರಾತತ್ವ ಕಾನೂನುಗಳು ಹುಟ್ಟುವುದಕ್ಕೆ ಮುಂಚೆ ಅದನ್ನು ಕಾದದ್ದರಲ್ಲಿ ಆ ಕುಂಟ ರೈತನ ಪಾಲೂ ಇದೆಯೆಂದು ನಾನು ನಂಬುತ್ತೇನೆ.

ಕಾಯುವ ನಂಬಿಕೆಯೇ ಕೆಡಿಸಲೂಬಲ್ಲದು. ಸ್ಕಾಟ್‌ಲೆಂಡಿನ ಮನ್‌ಲಾಖಿಯಲ್ಲಿ ರೋಗಿಯ ಮೈಗೆ ತಾಗಿಸಿದ ಬಟ್ಟೆಯ ಚೂರನ್ನು ಒರತೆಯ ಬಳಿಯ ಮರಕ್ಕೆ ಕಟ್ಟುವ ಪದ್ಧತಿಯಿದೆ. ಬಟ್ಟೆ ಕೊಳೆತಂತೆ ರೋಗವೂ ಕಳೆಯುವುದೆಂಬುದು ಅದರ ತತ್ತ್ವ. ಕೊಳೆಯದ ಕೃತಕ ನೂಲಿನ ವಸ್ತುಗಳು ಅಲ್ಲಿ ರಾಶಿಬಿದ್ದವು. 2022ರ ಜನವರಿಯಲ್ಲಿ ಯಾರೋ ಎಲ್ಲವನ್ನೂ ಕಿತ್ತುಹಾಕಿದಾಗ ಊರವರು ನೊಂದುಕೊಂಡರು. ಇಬ್ಬರ ನೋವಿನಲ್ಲೂ ಸತ್ಯವಿತ್ತು.

ಪೆಲಿಂಟ್‌ನ ಬಾನಿಯಲ್ಲಿ ಕೆಲವು ನಾಣ್ಯಗಳು ಹೊಳೆಯುತ್ತಿದ್ದವು. ನಾನೇನನ್ನೂ ಹಾಕಲಿಲ್ಲ; ನೀರಿನಲ್ಲಿ ತೇಲುತ್ತಿದ್ದ ಒಂದು ಪ್ಲಾಸ್ಟಿಕ್ ಹಾಳೆಯನ್ನು ಎತ್ತಿ ಜೇಬಿನಲ್ಲಿಟ್ಟುಕೊಂಡೆ. ಸಂತಳಿಗಾಗಲಿ ಪಿಸ್ಕಿಗಳಿಗಾಗಲಿ ಅದಕ್ಕಿಂತ ಯೋಗ್ಯವಾದ ಕಾಣಿಕೆ ಆಗ ನನಗೆ ತೋಚಲಿಲ್ಲ.