ಸೇನೆಗೆ ಎತ್ತು ಕೊಟ್ಟ ಕಾವಲು

ರಾಜ್ಯಗಳ ಸೇನಾಚರಿತ್ರೆಯನ್ನು ಬರೆಯುವವರು ಕೋಟೆಕೊತ್ತಲಗಳನ್ನೂ ಫಿರಂಗಿಗಳನ್ನೂ ದಳವಾಯಿಗಳನ್ನೂ ಆದರದಿಂದ ವರ್ಣಿಸುವರಾದರೂ, ಆ ಫಿರಂಗಿಗಳನ್ನೆಳೆದ ಎತ್ತುಗಳನ್ನೂ ಆ ಎತ್ತುಗಳನ್ನು ಪೋಷಿಸಿದ ಹುಲ್ಲುನೆಲವನ್ನೂ ಸ್ಮರಿಸುವುದು ವಿರಳ. ಚಳ್ಳಕೆರೆ-ಮೊಳಕಾಲ್ಮೂರು ಸೀಮೆಯ ಹುಲ್ಲುಗಾವಲಾದ ವರವು ಕಾವಲು, ಕುದಾಪುರ ಮತ್ತು ಉಳ್ಳಾರ್ತಿಯ ಕಾವಲುಗಳೊಡನೆ, ಹೀಗೆ ಮರೆತುಹೋದ ಸೇನಾಸೇವೆಯ ನೆಲವಾಗಿದೆ.

ಚಿಕ್ಕದೇವರಾಜ ಒಡೆಯರು (1672-1704) ಅರಮನೆಗೆ ಹಾಲುಬೆಣ್ಣೆಯೊದಗಿಸಲು ಏರ್ಪಡಿಸಿದ 'ಬೆಣ್ಣೆ ಚಾವಡಿ'ಯೇ ಸೇನೆಗೆ ಎತ್ತುಗಳನ್ನೊದಗಿಸಿದ ವ್ಯವಸ್ಥೆಯ ಮೂಲ. ಗೋಸಂಪತ್ತಿನಲ್ಲಿ ಅಡಗಿದ್ದ ಸೇನಾಬಲವನ್ನು ಸಂಪೂರ್ಣವಾಗಿ ಕಂಡುಕೊಂಡವನು ಹೈದರಾಲಿ. ಅದನ್ನು ಕ್ರಮಬದ್ಧವಾದ ಇಲಾಖೆಯನ್ನಾಗಿಸಿ, ಹುಕುಂನಾಮೆಯಿಂದ ನಿಯಮಗಳನ್ನು ವಿಧಿಸಿ, 'ಅಮೃತ ಮಹಲ್' ಎಂದು ಹೆಸರಿಟ್ಟವನು ಟಿಪ್ಪು. ಚಿದಂಬರದ ರಕ್ಷಣೆಗಾಗಿ ಹೈದರನು ಎರಡೂವರೆ ದಿನಗಳಲ್ಲಿ 100 ಮೈಲಿಗಳನ್ನು ಕ್ರಮಿಸಿದುದೂ, ಜನರಲ್ ಮೆಡೋಸನ ಸೈನ್ಯದೆದುರು ಟಿಪ್ಪು ಎರಡು ದಿನಗಳಲ್ಲಿ 63 ಮೈಲಿ ನಡೆದುದೂ ಈ ಎತ್ತುಗಳ ಬಲದಿಂದಲೇ ಎಂದು ಅಂದಿನ ಬ್ರಿಟಿಷ್ ಬರಹಗಾರರೇ ಒಪ್ಪಿರುವರು.

ಇಂತಹ ಎತ್ತುಗಳು ಕೊಟ್ಟಿಗೆಯಲ್ಲಿ ಹುಟ್ಟುವುವಲ್ಲ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ರಾಸುಗಳಿಂದ ರೂಪುಗೊಂಡ ಈ ತಳಿಯ ಹಿಂಡುಗಳು ವರ್ಷವಿಡೀ ಬಯಲಲ್ಲೇ ಇದ್ದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಗೆಗೊಂದು ಎಂದು ವಿಂಗಡಿಸಿದ ಕಾವಲುಗಳ ನಡುವೆ ಹುಲ್ಲುನೀರನ್ನರಸಿ ಸಂಚರಿಸುತ್ತಿದ್ದುವು; ಹಸುವಿನ ಹಾಲು ಪ್ರಧಾನವಾಗಿ ಕರುವಿಗೇ ಮೀಸಲಾಗುತ್ತಿತ್ತು; ಸೇರ್ವೆಗಾರರ ಮೇಲ್ವಿಚಾರಣೆಯಲ್ಲಿ ಬೆಳೆದ ಅರೆಕಾಡಿನ ಹೋರಿಗಳನ್ನು ಪಳಗಿಸಿ ನೊಗಕ್ಕೆ ಹೂಡುತ್ತಿದ್ದರು. ಮಳೆ ತೀರ ಕಡಿಮೆಯಾದ ಈ ಸೀಮೆಯ ಒರಟು ಹುಲ್ಲೂ ಕಲ್ಲುನೆಲವೂ ರಾಸಿನ ಕಾಲಿಗೆ ಕಸುವನ್ನು ಕೊಟ್ಟುವು. ದೇವರ ಎತ್ತುಗಳನ್ನು ಹಟ್ಟಿಯಲ್ಲಿಟ್ಟು ಪೂಜಿಸುವ ಮ್ಯಾಸಬೇಡರಿಗೂ, ಕುರಿ ಮೇಯಿಸಿ ಕಂಬಳಿ ನೇಯುವ ಕುರುಬರಿಗೂ ಪಶುಪಾಲನೆ ಕಸುಬು ಮಾತ್ರವಾಗಿರದೆ ಧರ್ಮವೂ ಆಗಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಹಿಂಡುಗಳು ಬ್ರಿಟಿಷರ ವಶವಾದುವು. 1813ರಲ್ಲಿ ಕ್ಯಾಪ್ಟನ್ ಹಾರ್ವೆಯು ಅವುಗಳ ಆಡಳಿತವನ್ನು ವಹಿಸಿಕೊಂಡು ಮದರಾಸು ಸೈನ್ಯಕ್ಕೆ ಎತ್ತುಗಳನ್ನೊದಗಿಸತೊಡಗಿದನು. 1860ರಲ್ಲಿ ಮಿತವ್ಯಯದ ನೆಪದಿಂದ ಹಿಂಡನ್ನು ಮಾರಿದ ಸರ್ಕಾರವು, ಒಳ್ಳೆಯ ಎತ್ತುಗಳಿಲ್ಲದೆ ಪರಿತಪಿಸಿ, ಕೆಲವೇ ವರ್ಷಗಳಲ್ಲಿ ಇಲಾಖೆಯನ್ನು ಪುನಃ ಸ್ಥಾಪಿಸಬೇಕಾಯಿತು. 1880ರ ದಶಕದಲ್ಲಿ ಅದು ಮೈಸೂರು ಸಂಸ್ಥಾನದ ಕೈಸೇರಿತು. ನೂರಾರು ವರ್ಷಗಳ ಆಯ್ಕೆಯಿಂದ ಸಿದ್ಧಿಸಿದ ತಳಿಯನ್ನು ಚದರಿಸುವುದು ಸುಲಭ, ಕೂಡಿಸುವುದು ದುಸ್ಸಾಧ್ಯವೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ.

ಯಂತ್ರವಾಹನಗಳು ಬಂದು ಎತ್ತಿನ ಸೇನಾಸೇವೆ ಮುಗಿದರೂ, ವರವು ಕಾವಲಿಗೆ ಸೇನೆಯ ಸಂಬಂಧ ತಪ್ಪಲಿಲ್ಲ. ರಕ್ಷಣಾ ಸಂಶೋಧನ ಸಂಸ್ಥೆಗೆ ಇಲ್ಲಿ ದೊರೆತ ಸುಮಾರು 4,290 ಎಕರೆಗಳಲ್ಲಿ ವಿಮಾನ ಪರೀಕ್ಷಾ ಕೇಂದ್ರವು 2017ರ ಮೇ 28ರಂದು ಉದ್ಘಾಟಿತವಾಯಿತು. ಚಾಲಕರಹಿತ ವಿಮಾನಗಳು ಇಲ್ಲಿ ಹಾರಿದುವು. 2023ರ ಏಪ್ರಿಲ್ 2ರಂದು, ವಾಯುಪಡೆಯ ಹೆಲಿಕಾಪ್ಟರಿನಿಂದ ಬಿಡಲ್ಪಟ್ಟ ಇಸ್ರೋದ ಮರುಬಳಕೆಯ ಉಡಾವಣಾ ವಾಹನವು ಇದೇ ಓಡುಪಥದಲ್ಲಿ ತಾನಾಗಿಯೇ ಇಳಿಯಿತು. ಇವು ದೇಶವು ಹೆಮ್ಮೆಪಡತಕ್ಕ ಸಾಧನೆಗಳೇ ಸರಿ.

ಆದರೆ ಹಿಂದಿನ ಸೇನಾಸೇವೆಗೂ ಇಂದಿನದಕ್ಕೂ ಮುಖ್ಯವಾದೊಂದು ಭೇದವುಂಟು. ಅಂದು ಹುಲ್ಲೂ ಹಿಂಡೂ ಅದನ್ನು ಕಾಯುವವನೂ ಇರುವುದರಿಂದಲೇ ಸೇನೆಗೆ ಬಲ ಬರುತ್ತಿತ್ತು. ಇಂದು ಆ ಮೂರೂ ಕೇಂದ್ರದ ಗೋಡೆಯ ಹೊರಗುಳಿಯುವುದರಿಂದಲೇ ಕಾರ್ಯ ಸಾಗುತ್ತದೆ. ದೇಶರಕ್ಷಣೆಗೆ ನೆಲ ಬೇಕೆಂಬುದನ್ನು ಒಪ್ಪುವವರೂ, ಬಹುಕಾಲ ಸೈನ್ಯಗಳಿಗೆ ಎತ್ತುಗಳನ್ನಿತ್ತ ಈ ಸೀಮೆಯ ಋಣವನ್ನು ಅಲ್ಲಗಳೆಯಲಾರರು. ಉಳಿದಿರುವ ಕಾವಲುಗಳನ್ನಾದರೂ ಮೇವಿನ ನೆಲವಾಗಿಯೇ ಉಳಿಸಿ, ಪಶುಪಾಲಕರ ಹಕ್ಕನ್ನು ಕಾಗದದಲ್ಲಿ ಬರೆದುಕೊಡುವುದೇ ಆ ಋಣವನ್ನು ತೀರಿಸುವ ನ್ಯಾಯವಾದ ಮಾರ್ಗ.