ಅರಿವಳಿಕೆ ನರ್ಸು ಮತ್ತು ಮೇಲ್ವಿಚಾರಣೆಯ ಹುಟ್ಟು

ಅರಿವಳಿಕೆ ಕೊಡುವ ನರ್ಸಿನ ಮೇಲೆ ವೈದ್ಯರ ಕಣ್ಣಿರಬೇಕೆಂಬ ನಿಯಮ ರೋಗಿಯ ಸುರಕ್ಷೆಗೆಂದೇ ಹುಟ್ಟಿದ್ದೆಂದು ಸಾಮಾನ್ಯವಾಗಿ ನಂಬುತ್ತೇವೆ. ಅಮೆರಿಕದ ಇತಿಹಾಸ ನೋಡಿದರೆ ಹಾಗೆನಿಸುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಲ್ಲಿ ಅರಿವಳಿಕೆಗೆ ಈಥರ್ ಕೊಡುವುದೆಂದರೆ ಹಣವೂ ಇಲ್ಲದ, ಹೆಸರೂ ಬಾರದ ಕೆಲಸ. ಅದು ಇನ್ನೂ ಕಲಿಯುತ್ತಿದ್ದ ಕಿರಿಯ ವೈದ್ಯರ ತಲೆಗೆ ಬೀಳುತ್ತಿತ್ತು. ಅವರ ಗಮನವೆಲ್ಲ ಸರ್ಜನ್‌ನ ಕೈಚಳಕದ ಮೇಲೆ. ಬೇಸತ್ತ ಸರ್ಜನ್‌ಗಳೇ ನರ್ಸುಗಳನ್ನು ಈ ಕೆಲಸಕ್ಕೆ ಹಚ್ಚಿದರು. ಮಿನೆಸೋಟದ ರಾಚೆಸ್ಟರ್‌ನಲ್ಲಿ ಸರ್ಜನ್‌ಗಳಾದ ಮೇಯೋ ಸೋದರರ ಜೊತೆಗಿದ್ದ ನರ್ಸು ಆಲಿಸ್ ಮಗಾವ್ ಮುಖದ ಮುಸುಕಿನ ಮೇಲೆ ಈಥರನ್ನು ಹನಿಹನಿಯಾಗಿ ಬಿಡುತ್ತ, ಮಾತಿನಲ್ಲಿ ಧೈರ್ಯ ತುಂಬುತ್ತ ರೋಗಿಯನ್ನು ನಿದ್ದೆಗೆ ಇಳಿಸುತ್ತಿದ್ದರು. 1906ರ ಅವರ ಲೇಖನ 14,000ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ಲೆಕ್ಕ ಕೊಟ್ಟು, ಅರಿವಳಿಕೆಯೇ ಕಾರಣವಾದ ಸಾವು ಒಂದೂ ಇಲ್ಲವೆನ್ನುತ್ತದೆ.

ಜಗಳಕ್ಕೆ ಮೂಲವೂ ಈ ಯಶಸ್ಸೇ. ಅರಿವಳಿಕೆಯನ್ನೇ ವೃತ್ತಿಯಾಗಿಸಿಕೊಂಡ ವೈದ್ಯರು ಹೆಚ್ಚಿದಂತೆ, ನರ್ಸುಗಳು ಪರವಾನಗಿಯಿಲ್ಲದೆ ವೈದ್ಯ ವೃತ್ತಿ ನಡೆಸುತ್ತಿದ್ದಾರೆಂಬ ದೂರು ಕೋರ್ಟಿನ ಮೆಟ್ಟಿಲೇರಿತು. 1917ರಲ್ಲಿ ಕೆಂಟಕಿಯ ಮೇಲ್ಮನವಿ ನ್ಯಾಯಾಲಯವೂ, 1936ರಲ್ಲಿ ನರ್ಸು ಡ್ಯಾಗ್ಮಾರ್ ನೆಲ್ಸನ್ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟೂ ನರ್ಸಿನ ಪರವಾಗಿ ನಿಂತವು: ಆಕೆ ಸರ್ಜನ್‌ನ ಅಪ್ಪಣೆಯಂತೆ ನಡೆಯುವವಳು, ಆದ್ದರಿಂದ ಅದು ವೈದ್ಯ ವೃತ್ತಿಯಲ್ಲ. ಆ ಸರ್ಜನ್‌ಗೆ ಅರಿವಳಿಕೆ ಎಷ್ಟು ತಿಳಿದಿತ್ತೆಂಬುದು ಈ ತರ್ಕಕ್ಕೆ ಬೇಕಾಗಿಯೇ ಇರಲಿಲ್ಲ. ಹೊಟ್ಟೆ ಕೊಯ್ದು ಒಳಗೆ ಕೈಯಿಟ್ಟಿರುವವನು ತಲೆಯ ಕಡೆಯ ಉಸಿರಾಟವನ್ನು ಎಷ್ಟೆಂದು ಗಮನಿಸಿಯಾನು? ಮೇಲ್ವಿಚಾರಣೆ ಆಗ ನರ್ಸಿಗೆ ಕಾನೂನಿನ ಕೊಡೆಯಾಗಿತ್ತು, ಅಷ್ಟೇ.

ಹುಟ್ಟು ಹೇಗಿದ್ದರೇನು, ಇಂದಿನ ಔಷಧಗಳು ಜಟಿಲ, ರೋಗಿಗಳು ವಯಸ್ಸಾದವರು, ಗಂಡಾಂತರ ಬಂದರೆ ತಜ್ಞ ವೈದ್ಯನೇ ಬೇಕಲ್ಲವೇ ಎಂದು ಕೇಳಬಹುದು. ಮಗಾವ್ ಅವರ ಲೆಕ್ಕ ಅವರೇ ಇಟ್ಟದ್ದು, ಹೋಲಿಕೆಗೆ ಇನ್ನೊಂದು ಗುಂಪಿಲ್ಲವೆಂದೂ ಆಕ್ಷೇಪಿಸಬಹುದು. ಎರಡರಲ್ಲೂ ಹುರುಳಿದೆ. ಆದರೆ ಇಂದಿನ ಕಾಲದ ಅಧ್ಯಯನಗಳನ್ನು ಒಟ್ಟುಮಾಡಿ ತೂಗಿದ 2014ರ ಕಾಕ್ರೇನ್ ವಿಮರ್ಶೆಗೂ ವೈದ್ಯರು ಮೇಲೋ ನರ್ಸುಗಳು ಮೇಲೋ ಎಂದು ಖಚಿತವಾಗಿ ಹೇಳಲಾಗಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, ತಜ್ಞನೇ ಬೇಕೆಂದು ಅಮೆರಿಕದ ನಿಯಮವೂ ಕೇಳುವುದಿಲ್ಲ. ಮೆಡಿಕೇರ್ ಎಂಬ ಅಲ್ಲಿನ ಸರ್ಕಾರಿ ವಿಮೆಯ ನಿಯಮದ ಪ್ರಕಾರ ಶಸ್ತ್ರಚಿಕಿತ್ಸೆ ಮಾಡುತ್ತಿರುವವರ ಮೇಲ್ವಿಚಾರಣೆಯೇ ಸಾಕು; 1917ರ ತರ್ಕ ಇನ್ನೂ ಉಸಿರಾಡುತ್ತಿದೆ. ರಾಜ್ಯಪಾಲರು ಬಯಸಿದರೆ ಅದರಿಂದಲೂ ಹೊರಗುಳಿಯಬಹುದೆಂದು 2001ರಲ್ಲಿ ತಿದ್ದುಪಡಿಯಾಯಿತು; ಅಯೋವಾ ರಾಜ್ಯ ಮೊದಲು ಹೊರಗುಳಿಯಿತು. ಸುರಕ್ಷೆಯ ಹೆಸರಿನಲ್ಲಿ ಈ ವಿನಾಯಿತಿಯನ್ನು ವಿರೋಧಿಸುವವರು, ಅರಿವಳಿಕೆ ಕಲಿಯದ ಸರ್ಜನ್‌ನ ಮೇಲ್ವಿಚಾರಣೆಯನ್ನೂ ಅಷ್ಟೇ ಬಿರುಸಾಗಿ ಪ್ರಶ್ನಿಸಬೇಕಿತ್ತು.